ಮೊಲದ ಕಾಲಿಗೆ ಮತದಾನ

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಕೂಗಾಡುತ್ತಿದ್ದವನು ಹಳೇ ಕಾಲದ ಹಠಮಾರಿ. ಈಗಿನವನು ಬಲು ಸೌಮ್ಯ. "ನಾನೇನೂ ಹೇರ್ತಿಲ್ಲಪ್ಪ, ಮಾಹಿತಿ ಹಂಚ್ಕೋತಿದ್ದೀನಿ ಅಷ್ಟೆ" ಅನ್ನುತ್ತಾನೆ. ನಾಲ್ಕನೆಯ ಕಾಲನ್ನು ಮುಟ್ಟಿ ತೋರಿಸಿದಿರೋ, "ನಿಮ್ಮ ನಂಬಿಕೆ ನನ್ನ ಮೇಲೆ ಹೇರಬೇಡಿ" ಎಂದು ನೊಂದುಕೊಳ್ಳುತ್ತಾನೆ.

ಈ ವಿದ್ಯೆಯನ್ನು ಶಾಸನಬದ್ಧವಾಗಿ ಮಾಡಹೊರಟವರು ಅಮೆರಿಕದ ಇಂಡಿಯಾನಾ ರಾಜ್ಯದ ಶಾಸಕರು. ವೃತ್ತದಷ್ಟೇ ವಿಸ್ತೀರ್ಣದ ಚೌಕವನ್ನು ಬರೀ ಕೈವಾರ, ಅಳತೆಪಟ್ಟಿಯಿಂದ ರಚಿಸಲು ಆಗದೆಂಬುದು 1882ರಲ್ಲಿ ಜರ್ಮನ್ ಗಣಿತಜ್ಞ ಲಿಂಡೆಮನ್ ಅವರ ಸಾಧನೆಯಿಂದ ಖಚಿತವಾಗಿತ್ತು. ಎಡ್ವರ್ಡ್ ಗುಡ್ವಿನ್ ಎಂಬ ವೈದ್ಯರು ಮಾತ್ರ ತಮಗೆ ದಾರಿ ಹೊಳೆದಿದೆ ಎಂದರು. 1897ರಲ್ಲಿ ಆ ದಾರಿಯನ್ನು ಒಪ್ಪಿಕೊಳ್ಳುವ ಮಸೂದೆಯೇ ಬಂತು. ಅದರ ಪ್ರಕಾರ ಲೆಕ್ಕ ಹಾಕಿದರೆ ಪೈ (ವೃತ್ತದ ಸುತ್ತಳತೆ ಅದರ ವ್ಯಾಸದ ಎಷ್ಟು ಪಟ್ಟು ಎಂಬ ಸಂಖ್ಯೆ) ಬೆಲೆ 3.2. ಕೆಳಮನೆಯಲ್ಲಿ ಪರ 67, ವಿರೋಧ ಸೊನ್ನೆ. ಮೇಲ್ಮನೆಯವರು ಅದನ್ನು ಒಪ್ಪಿಸಿದ್ದು ಪಾನನಿಗ್ರಹ ಸಮಿತಿಗೆ. (ಇದ್ದುದರಲ್ಲಿ ತಕ್ಕ ಸಮಿತಿಯೇ.) ಬೇರೆ ಕೆಲಸಕ್ಕೆಂದು ಅಲ್ಲಿಗೆ ಬಂದಿದ್ದ ಗಣಿತ ಪ್ರಾಧ್ಯಾಪಕ ವಾಲ್ಡೊ ತಿಳಿಹೇಳಿದ ಮೇಲೆ ಮಸೂದೆಯನ್ನು ಅನಿರ್ದಿಷ್ಟ ಕಾಲಕ್ಕೆ ಮುಂದೂಡಿದರು. ಸೋಲಿಸಲಿಲ್ಲ, ಮುಂದೂಡಿದರು.

ಒಂದು ಮೀಟರ್ ವ್ಯಾಸದ ಚಕ್ರಕ್ಕೆ ದಾರ ಸುತ್ತಿ, ಗುರುತು ಹಾಕಿ, ಬಿಚ್ಚಿ ಅಳೆಯಿರಿ. 3 ಮೀಟರ್ 14 ಸೆಂಟಿಮೀಟರ್ ಚಿಲ್ಲರೆ ಬರುತ್ತದೆ. ಮಸೂದೆ ನಂಬಿ 3.2 ಮೀಟರ್ ಕಬ್ಬಿಣದ ಪಟ್ಟಿ ಕತ್ತರಿಸಿದವನಿಗೆ ಸುಮಾರು 6 ಸೆಂಟಿಮೀಟರ್ ಮಿಗುತ್ತದೆ. ಆ 67 ಮಂದಿ ಇನ್ನೊಮ್ಮೆ ಕೈಯೆತ್ತಿದರೂ ಅದು ಕುಗ್ಗದು. ದಾರ ಹಿಡಿದವನು ನಂಬು ಎಂದು ಗೋಗರೆಯುವುದಿಲ್ಲ, "ತಗೋ, ನೀನೇ ಸುತ್ತಿ ನೋಡು" ಎಂದು ಕೊಟ್ಟುಬಿಡುತ್ತಾನೆ. ಹೇರುವವನಿಗೆ ದಾರ ಕೇಳಿದರೆ ಸಿಟ್ಟು ಬರುತ್ತದೆ.

ಈಗ ಮಸೂದೆಯ ರಗಳೆಯೂ ಬೇಡ. ಒಂದು ನಂಬಿಕೆ ತೆಗೆದುಕೊಳ್ಳಿ, "ವಿಜ್ಞಾನಿಗಳೇ ಬೆರಗಾಗಿದ್ದಾರೆ" ಎಂದು ಶುರು ಮಾಡಿ. ವಿಜ್ಞಾನಿ ಯಾರು, ಯಾವ ವರ್ಷ ಬೆರಗಾದರು, ಹೇಳಬೇಡಿ. ಶೇ 70 ಎಂದರೆ ಅಂದಾಜು ಅನ್ನಿಸಿಬಿಡುತ್ತದೆ, 73.6 ಎನ್ನಿ, ದಶಮಾಂಶದ ಮುಂದೆ ಜನ ಕೈಮುಗಿಯುತ್ತಾರೆ. ಶೇಕಡಾ ಯಾವುದರಲ್ಲಿ ಎಂಬುದನ್ನು ನುಂಗಿಬಿಡಿ. ಯಾರಾದರೂ ಆಧಾರ ಕೇಳಿದರೆ "ನೀವೇ ಹುಡುಕಿಕೊಳ್ಳಿ" ಎನ್ನಿ. ಪುರಾವೆ ಕೊಡುವ ಹೊಣೆ ಹೇಳಿದವನದು ಎಂಬುದು ಅವರಿಗೆ ನೆನಪಾಗುವಷ್ಟರಲ್ಲಿ ಮುಂದಿನ ಮಾಹಿತಿ ಹಂಚಿರಿ.

ದಾರದ ಕಡೆಯವರೂ ಸಾಚಾಗಳೇನಲ್ಲ. "ಸಿಗರೇಟಿನ ಹೊಗೆಯಿಂದ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆ" ಎನ್ನುವವರೆಗೆ ಸರಿ. ಅದೇ ಉಸಿರಿನಲ್ಲಿ "ಸೇದುವವರೆಲ್ಲ ಕೆಟ್ಟವರು" ಎಂದೂ ಸೇರಿಸುತ್ತಾರೆ. ಪುರಾವೆ ಇರುವುದು ಮೊದಲ ಮಾತಿಗೆ ಮಾತ್ರ, ಎರಡನೆಯದು ಅದರ ಮರೆಯಲ್ಲಿ ನುಸುಳಿದ್ದು.

ಟೀವಿಯವರಿಗೆ ಇದಾವುದೂ ಬೇಕಿಲ್ಲ. ದಾರದವರೊಬ್ಬರು, ಮಸೂದೆಯವರೊಬ್ಬರು, ಇಬ್ಬರಿಗೂ ಸಮಾನ ಸಮಯ. ಕೊನೆಗೆ ನಿರೂಪಕರು ನಡುವೆ ಬಂದು, ಯಾರ ಮನಸ್ಸಿಗೂ ನೋವಾಗದಂತೆ, ಪೈ ಬೆಲೆ 3.17 ಎಂದು ರಾಜಿ ಮಾಡಿಸುತ್ತಾರೆ.