ಈ ಸೇತುವೆ ಮುಳುಗೋದಿಲ್ಲ, ಗ್ಯಾರಂಟಿ!

ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಜೋರಾಯಿತು ಅಂದರೆ ಚಿಕ್ಕೋಡಿ ಕಡೆಯವರಿಗೆ ಮುಂದಿನ ಸುದ್ದಿ ಬಾಯಿಪಾಠ. ಕೃಷ್ಣಾ, ದೂಧಗಂಗಾ, ವೇದಗಂಗಾ ತುಂಬಿದವು, ಕಲ್ಲೋಳ-ಯಡೂರ ಬಾಂದಾರ ಸೇತುವೆ ಮುಳುಗಿತು, ಪೊಲೀಸರು ಬ್ಯಾರಿಕೇಡ್ ಇಟ್ಟರು. ಹೋದ ವರ್ಷದ ಫೋಟೊ ಹಾಕಿದರೂ ನಡೆಯುತ್ತದೆ. ಎದುರು ದಂಡೆಯ ಆಸ್ಪತ್ರೆ ಕಣ್ಣಿಗೆ ಕಾಣುತ್ತಿರುತ್ತದೆ, ಹೋಗಬೇಕಂದ್ರೆ ಅರ್ಧ ತಾಲೂಕು ಸುತ್ತಬೇಕು.

ಅದಕ್ಕೇ ನಮ್ಮ ಹೊಳೆಗೆ ಎತ್ತರದ ಹೊಸ ಸೇತುವೆ ಬಂತು. 2019ರಂಥ ಮಹಾಪೂರ ಬಂದರೂ ಮುಳುಗೋದಿಲ್ಲವಂತೆ. ಸುಳ್ಳು ಯಾಕೆ ಹೇಳಲಿ, ಸೇತುವೆ ಚೆನ್ನಾಗಿಯೇ ಇದೆ. ಎರಡೂ ತುದಿಗೆ ರಸ್ತೆ ಮಾತ್ರ ಇಲ್ಲ. ಕಬ್ಬಿನ ಹೊಲದ ಮೇಲೆ ಎರಡಾಳೆತ್ತರಕ್ಕೆ ಬಂದು ಅಲ್ಲಿಗೇ ನಿಂತುಬಿಟ್ಟಿದೆ. ನೀರಿಗೂ ಎಟುಕಲ್ಲ, ನಮಗೂ ಎಟುಕಲ್ಲ. ಊರವರು ಬಿದಿರಿನ ಏಣಿ ಹಚ್ಚಿ, ಹಾಲಿನ ಕ್ಯಾನಿಗೆ ಹಗ್ಗ ಕಟ್ಟಿ ಮೇಲೆಳೆದುಕೊಂಡು, ಆಚೆ ತುದಿಯಲ್ಲಿ ಮತ್ತೆ ಹಗ್ಗದಲ್ಲೇ ಇಳಿಸುತ್ತಾರೆ. ನಡುವೆ ಗೋವಿನಜೋಳ ಒಣಗುತ್ತಿದೆ. ದನ ಹತ್ತಲ್ಲ, ಗಾಡಿ ಬರಲ್ಲ, ಇಂಥ ಕಣ ಇನ್ನೆಲ್ಲಿ ಸಿಗಬೇಕು?

‘ಸಾಹೇಬ್ರ, ರಸ್ತೆ ಯಾವಾಗ?’ ಅಂತ ಇಲಾಖೆಯವರನ್ನು ಕೇಳಿದರೆ, ‘ನಮ್ಮ ಎಸ್ಟಿಮೇಟಿನಾಗ ಸೇತುವೆ ಅಷ್ಟೇ ಐತ್ರಿ. ರಸ್ತೆ ಬ್ಯಾರೆ ಹೆಡ್’ ಅಂದರು. ಭೂಸ್ವಾಧೀನದ ಫೈಲು ಎಲ್ಲಿದೆ ಅಂತ ಕೇಳಿದ್ದಕ್ಕೆ ಚಹಾ ತರಿಸಿದರು.

ಜಮಖಂಡಿ ಕಡೆ ಚಿಕ್ಕಪಡಸಲಗಿಯಲ್ಲಿ ರೈತರು ತಾವೇ ದುಡ್ಡು ಕೂಡಿಸಿ, ಮೈಮುರಿದು ದುಡಿದು 1989ರಲ್ಲಿ ಕೃಷ್ಣೆಗೆ ಬ್ಯಾರೇಜನ್ನೇ ಕಟ್ಟಿ ನಿಲ್ಲಿಸಿದವರು. ಆ ಹುಮ್ಮಸ್ಸಿನಲ್ಲಿ ನಮ್ಮವರೂ ಟ್ರ್ಯಾಕ್ಟರ್‌ನಲ್ಲಿ ಗರಸು ತುಂಬಿಕೊಂಡು ಹೋದರು. ಇಲಾಖೆಯವರು ತಡೆದರು. ಸರ್ಕಾರಿ ಸೇತುವೆಗೆ ಅನುಮತಿ ಇಲ್ಲದೆ ರಸ್ತೆ ಜೋಡಿಸಿದರೆ ಕೇಸ್ ಆಗುತ್ತದಂತೆ!

ಆದರೂ ಒಂದು ದಿನದ ಮಟ್ಟಿಗೆ ರಸ್ತೆ ಇತ್ತು. ಉದ್ಘಾಟನೆಗೆ ದೊಡ್ಡವರು ಬರುತ್ತಾರೆ ಅಂತ ರಾತ್ರೋರಾತ್ರಿ ಈ ಕಡೆ ಮಣ್ಣು ಸುರಿದು, ರೋಲರ್ ಹೊಡೆದು, ನೀರು ಚಿಮುಕಿಸಿದರು. ಕಾರು ಸುಯ್ ಅಂತ ಹತ್ತಿತು. ಟೇಪು ಕತ್ತರಿಸಿದರು, ‘ಎರಡು ದಂಡೆಗಳ ಬೆಸುಗೆ’ ಅಂತ ಭಾಷಣ ಮಾಡಿದರು, ನಡು ಸೇತುವೆಯಲ್ಲಿ ಕಾರು ತಿರುಗಿಸಿಕೊಂಡು ಬಂದ ದಾರಿಯಲ್ಲೇ ಇಳಿದು ಹೋದರು. ಮಾರನೇ ದಿನ ಜೆಸಿಬಿ ಬಂದು ಮಣ್ಣನ್ನೆಲ್ಲ ತುಂಬಿಕೊಂಡು ಹೋಯಿತು. ಅದು ಬಿಲ್ಲಿನಲ್ಲಿ ಇರಲಿಲ್ಲವಂತೆ.

ಈಗ ಊರವರೆಲ್ಲ ಸಹಿ ಹಾಕಿ ಹೊಸ ಅರ್ಜಿ ಕೊಟ್ಟಿದ್ದೇವೆ. ರಸ್ತೆ ಕೇಳಿಲ್ಲ. ಸೇತುವೆಯನ್ನು ಇನ್ನೊಮ್ಮೆ ಉದ್ಘಾಟನೆ ಮಾಡಿ ಅಂತ ಕೇಳಿದ್ದೇವೆ, ಈ ಸಲ ದೊಡ್ಡವರ ಕಾರು ಆ ದಂಡೆಗೆ ಇಳಿಯಬೇಕು, ಮತ್ತೆ ಕಾರ್ಯಕ್ರಮ ಕಬ್ಬಿನ ಹಂಗಾಮು ಮುಗಿಯುವವರೆಗೂ ನಡೆಯಬೇಕು.