ಒಂದೇ ವರ್ಷದ ಎರಡು ಸಹಿ

ನಿನ್ನೆ ರಾತ್ರಿಯಿಂದ ಮನಸ್ಸು ಕುದಿಯುತ್ತಿದೆ. ಬರೆದೇ ಬಿಡುತ್ತೇನೆ.

ಮಗಳು ಊಟದ ಮೇಜಿನ ಮೇಲೆ ಎರಡು ಚಾರ್ಟ್ ಹರಡಿಕೊಂಡು ಎಂಟನೇ ಗ್ರೇಡಿನ ಹಿಸ್ಟರಿ ಪ್ರಾಜೆಕ್ಟ್ ಮಾಡುತ್ತಿದ್ದಳು. ಒಂದು ವಲಸೆಯದ್ದು, ಇನ್ನೊಂದು ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟದ್ದು. ಇಲ್ಲಿ ಅಮೆರಿಕದ ಶಾಲೆಯಲ್ಲಿ ಹೇಳಿಕೊಟ್ಟಿರುವುದೂ ಹಾಗೇ, ಎರಡು ಬೇರೆ ಬೇರೆ ಪಾಠ. ಊಟಕ್ಕೆ ಬಂದಿದ್ದ ನಮ್ಮವರೊಬ್ಬರು ಬಗ್ಗಿ ನೋಡಿ, “ಇದು ಬ್ಲ್ಯಾಕ್ ಜನರ ಕಥೆ ಪುಟ್ಟಿ, ನಮಗೇನೂ ಸಂಬಂಧ ಇಲ್ಲ. ನಾವು ಓದಿ, ಮಾರ್ಕ್ಸ್ ತಗೊಂಡು ಬಂದವರು” ಅಂದರು. ಅವಳು ಮಾರ್ಕರಿನ ಮುಚ್ಚಳ ಹಾಕಿ ನನ್ನ ಮುಖ ನೋಡಿದಳು. ಮನೆಗೆ ಬಂದವರು ಅಂತ ನಾನು ಸುಮ್ಮನೆ ಸಾರು ಬಡಿಸಿದೆ. ಅದೇ ಈಗ ಹೊಟ್ಟೆ ಉರಿಸುತ್ತಿದೆ.

ಸಂಬಂಧ ಇಲ್ಲವಾ? ಬೆಂಗಳೂರಿನಲ್ಲಿ ವಿಶ್ವೇಶ್ವರಯ್ಯನವರು ಇಂಜಿನಿಯರಿಂಗ್ ಕಾಲೇಜು ಶುರು ಮಾಡಿದ್ದು 1917ರಲ್ಲಿ. ಮಾರ್ಕ್ಸ್ ಆಗಲೂ ಇತ್ತಲ್ವಾ? ಆದರೆ 1923ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಪಂಜಾಬಿನಿಂದ ಬಂದಿದ್ದ ಭಗತ್ ಸಿಂಗ್ ಥಿಂಡ್ ಅವರಿಗೆ, ನೀನು ಬಿಳಿಯನಲ್ಲ, ಈ ದೇಶದ ಪ್ರಜೆ ಆಗುವಂತಿಲ್ಲ ಅಂದಿತು. ಮೊದಲ ಮಹಾಯುದ್ಧದಲ್ಲಿ ಇದೇ ದೇಶದ ಸೈನ್ಯದಲ್ಲಿದ್ದವರು ಅವರು. ಅದೇ ತೀರ್ಪು ಹಿಡಿದು, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಂಗಡಿ ಇಟ್ಟಿದ್ದ ಭಾರತೀಯ ವೈಷ್ಣೋ ದಾಸ್ ಬಗಾಯಿ ಅವರಿಗೆ ಕೊಟ್ಟಿದ್ದ ಪೌರತ್ವವನ್ನೇ ಕಿತ್ತುಕೊಂಡರು. 1928ರಲ್ಲಿ ಅವರು ತಮ್ಮ ಜೀವ ತಾವೇ ತೆಗೆದುಕೊಂಡರು.

ನನ್ನನ್ನು ಜಾಸ್ತಿ ಚುಚ್ಚುವುದು ಥಿಂಡ್ ಅವರ ವಾದ. ಕಾನೂನೇ ತಪ್ಪು ಅಂತ ಅವರು ಹೇಳಲಿಲ್ಲ. ನಾನು ಮೇಲ್ಜಾತಿಯವನು, ಆರ್ಯ, ಹಾಗಾಗಿ ನಾನೂ ಬಿಳಿಯನೇ ಅಂದರು. ಸೋತರು. ನಿನ್ನೆ ನಮ್ಮ ಮನೆಯಲ್ಲಿ ಕೇಳಿದ್ದೂ ಅದೇ ಮಾತು. ಅವರು ಬೇರೆ, ನಾವು ಬೇರೆ.

1946ರಲ್ಲಿ ಬಾಗಿಲು ಒಂಚೂರು ತೆರೆಯಿತು. ಇಡೀ ಭಾರತಕ್ಕೆ ವರ್ಷಕ್ಕೆ 100 ಜನ! ಅಗಲವಾಗಿ ತೆರೆದಿದ್ದು 1965ರಲ್ಲಿ. ಆ ಮಾರ್ಚ್‌ನಲ್ಲಿ ಅಲಬಾಮಾ ರಾಜ್ಯದ ಸೆಲ್ಮಾ ಊರಿನ ಸೇತುವೆ ಮೇಲೆ ಓಟಿನ ಹಕ್ಕು ಕೇಳಿದ ಕಪ್ಪು ಜನರು ಪೊಲೀಸರ ಲಾಠಿ ಏಟು ತಿಂದರು. ಆಗಸ್ಟ್ 6ಕ್ಕೆ ಅಧ್ಯಕ್ಷ ಜಾನ್ಸನ್ ಓಟಿನ ಹಕ್ಕಿನ ಕಾನೂನಿಗೆ ಸಹಿ ಹಾಕಿದರು. ಅಕ್ಟೋಬರ್ 3ಕ್ಕೆ, ಎರಡು ತಿಂಗಳೂ ಕಳೆದಿರಲಿಲ್ಲ, ವಲಸೆ ಕಾನೂನಿಗೆ ಸಹಿ ಹಾಕಿದರು. ಹುಟ್ಟಿದ ದೇಶ ನೋಡಿ ಕೋಟಾ ಹಂಚುವ ಪದ್ಧತಿ ಹೋಯಿತು. ಜನಾಂಗ ನೋಡಿ ಮನುಷ್ಯರನ್ನು ಅಳೆಯಬಾರದು ಅಂತ ಬೀದಿಗಿಳಿದವರು ಇಲ್ಲದಿದ್ದರೆ ನಮ್ಮ ಮಾರ್ಕ್ಸ್ ಕಾರ್ಡ್ ಕೇಳುವವರು ಯಾರಿದ್ದರು?

ಎಳೇ ಮಕ್ಕಳಿಗೆ ಇಂಥ ಕಹಿ ಯಾಕೆ ಅನ್ನುವವರಿದ್ದಾರೆ. 1960ರಲ್ಲಿ ನ್ಯೂ ಓರ್ಲಿಯನ್ಸ್‌ನ ಬಿಳಿಯರ ಶಾಲೆಗೆ ಮಾರ್ಷಲ್‌ಗಳ ಕಾವಲಿನಲ್ಲಿ, ಕಿರುಚುವ ಗುಂಪು ದಾಟಿ ಹೋದ ಕಪ್ಪು ಹುಡುಗಿ ರೂಬಿ ಬ್ರಿಡ್ಜಸ್‌ಗೆ ಆರು ವರ್ಷ. ಆರರ ಮಗು ಅನುಭವಿಸಿದ್ದನ್ನು ಹದಿಮೂರರ ಮಗು ಓದಬಾರದಾ?

ನಾನೂ ಒಂದು ಒಪ್ಪಿಕೊಳ್ಳಬೇಕು. ಪೌರತ್ವದ ಪರೀಕ್ಷೆಗೆ ಮಾರ್ಟಿನ್ ಲೂಥರ್ ಕಿಂಗ್ ಏನು ಮಾಡಿದರು ಅನ್ನುವ ಪ್ರಶ್ನೆಗೆ ಉತ್ತರ ಬಾಯಿಪಾಠ ಮಾಡಿದ್ದೆ. ಆ ಉತ್ತರಕ್ಕೂ ನಾನು ಆ ಕುರ್ಚಿಯಲ್ಲಿ ಕೂತಿರುವುದಕ್ಕೂ ನಂಟಿದೆ ಅಂತ ಆಗ ಹೊಳೆದೇ ಇರಲಿಲ್ಲ. ನನಗೆ ಯಾರೂ ಕಲಿಸಲಿಲ್ಲ. ಅವಳಿಗಾದರೂ ಕಲಿಸಲಿ.

ಬೆಳಿಗ್ಗೆ ಮಗಳನ್ನು ಕೂರಿಸಿಕೊಂಡು ಇಷ್ಟನ್ನೂ ಹೇಳಿದೆ. “ಹಾಗಾದ್ರೆ ಅಕ್ಟೋಬರ್ 3 ಯಾವ ಚಾರ್ಟಿಗೆ ಬರೀಲಿ ಅಮ್ಮ?” ಅಂದಳು.

ಎರಡಕ್ಕೂ ಬರಿ ಅಂದೆ.