ಕ್ರಾಸಿಂಗ್‌ನ ಪಂಪ್ ನಂಬಿ ಹೊರಡಬೇಡಿ
ಕೆನಡಾದ ಲೇಕ್ ಲೂಯಿಸ್‌ನಿಂದ ಜಾಸ್ಪರ್ ಪಟ್ಟಣಕ್ಕೆ ಕಾರಲ್ಲಿ ಹೋಗೋ ಬಗ್ಗೆ ನಿಮ್ಮ ಲೇಖನದಲ್ಲಿ ‘ಲೇಕ್ ಲೂಯಿಸ್‌ನಲ್ಲಿ ಅರ್ಧ ಟ್ಯಾಂಕ್ ಸಾಕು, ದಾರಿಯಲ್ಲಿ ಸಸ್ಕಾಚೆವಾನ್ ರಿವರ್ ಕ್ರಾಸಿಂಗ್‌ನಲ್ಲಿ ಪೆಟ್ರೋಲ್ ಸಿಗುತ್ತೆ’ ಅಂತ ಬರೆದಿದ್ದೀರಿ. ಬೇಸಿಗೆಗೆ ಸರಿ, ಚಳಿಗಾಲಕ್ಕೆ ಅಪಾಯ. 93 ಮತ್ತು 11ನೇ ಹೆದ್ದಾರಿ ಕೂಡುವ ಆ ಜಾಗದಲ್ಲಿರೋದು ಒಂದೇ ರೆಸಾರ್ಟು, ಪಂಪ್ ಇರೋದೂ ಅಲ್ಲೇ. ಚಳಿಗಾಲದಲ್ಲಿ ಅದಕ್ಕೂ ಬೀಗ. ಅಲ್ಲಿಂದ ಉತ್ತರಕ್ಕೆ ಜಾಸ್ಪರ್ ಸುಮಾರು 150 ಕಿ.ಮೀ., ಪೂರ್ವಕ್ಕೆ ನಾರ್ಡೆಗ್ ಅನ್ನೋ ಊರು ಸುಮಾರು 90. ಕ್ರಾಸಿಂಗ್ ಇರೋದು ತಗ್ಗಲ್ಲಿ: ದಕ್ಷಿಣಕ್ಕೆ 2,069 ಮೀಟರ್ ಎತ್ತರದ ಬೋ ಪಾಸ್ ಅನ್ನೋ ಘಾಟಿ, ಉತ್ತರಕ್ಕೆ ಸನ್ವಾಪ್ಟಾ ಘಾಟಿ. ಈ ಎರಡರಲ್ಲಿ ಎತ್ತ ಹೊರಟರೂ ಏರು. ಹಿಮದಲ್ಲಿ ಮೈಲೇಜ್ ಇನ್ನೂ ಕುಸಿಯುತ್ತೆ. ಮೊಬೈಲ್ ಸಿಗ್ನಲ್ಲೂ ನಂಬೋ ಹಾಗಿಲ್ಲ. ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. ಚಳಿಗಾಲದಲ್ಲಿ ಆ ರಸ್ತೆಗೆ ಹಿಮಕ್ಕೆ ತಕ್ಕ ಟೈರ್ ಬೇಕೇ ಬೇಕು, ಅದನ್ನಂತೂ ನೀವು ಬಿಟ್ಟೇಬಿಟ್ಟಿದ್ದೀರಿ. ಲೇಕ್ ಲೂಯಿಸ್‌ನಲ್ಲೇ ಟ್ಯಾಂಕ್ ಫುಲ್ ಮಾಡಿ.